ಜಲ್ಲಿಯೋ ಡಾಂಬರೋ: ವೇಗದ ತಿರುವಿನ ಹೊರಗೆ ಏನಿರಬೇಕು?

ಓದುಗರ ಪ್ರಶ್ನೆ: ನಾನು ಹವ್ಯಾಸಿ ಕಾರ್ ರೇಸರ್. ನಮ್ಮ ಕ್ಲಬ್ ನಡೆಸುವ ಸರ್ಕ್ಯೂಟ್‌ನ ಅತಿ ವೇಗದ ತಿರುವಿನ ಹೊರಗೆ ಈಗ ಜಲ್ಲಿ ಹಾಸು ಇದೆ. ಆ ತಿರುವಿನಲ್ಲಿ ನಮ್ಮ ಸಲೂನ್ ಕಾರುಗಳು ಗಂಟೆಗೆ ಸುಮಾರು 180 ಕಿ.ಮೀ. ವೇಗದಲ್ಲಿರುತ್ತವೆ. ಟ್ರ್ಯಾಕಿನ ಅಂಚಿನಿಂದ ಟೈರ್ ತಡೆಗೋಡೆಗೆ ಲಂಬವಾಗಿ ಅಳೆದರೆ 60 ಮೀಟರ್. ಕಳೆದ ಋತುವಿನಲ್ಲಿ ಒಂದು ಕಾರು ಜಲ್ಲಿಯಲ್ಲಿ ಅಡ್ಡಡ್ಡ ಜಾರಿ ಮಗುಚಿತು. ಹೂತುಹೋದ ಕಾರುಗಳನ್ನು ಎಳೆಯಲು ಪದೇ ಪದೇ ಓಟ ನಿಲ್ಲಿಸಬೇಕಾಯಿತು. ಹಾಗಾಗಿ ಅಷ್ಟೂ ಜಾಗಕ್ಕೆ ಡಾಂಬರು ಹಾಕಬೇಕೆಂದು ಕ್ಲಬ್ ಹೊರಟಿದೆ. ಅರ್ಧದಷ್ಟು ಸದಸ್ಯರು ಇದನ್ನು ವಿರೋಧಿಸುತ್ತಿದ್ದಾರೆ. ಡಾಂಬರು ಬಂದರೆ ಎಲ್ಲರೂ ಬಿಳಿ ಗೆರೆ ದಾಟಿಯೇ ಓಡಿಸುತ್ತಾರೆ, ಫಾರ್ಮುಲಾ 1ರಲ್ಲಿ ಆಗುವಂತೆ ಗೆರೆ ದಾಟಿದವರ ಲ್ಯಾಪ್ ಸಮಯ ಅಳಿಸುವ ಜಗಳ ಶುರುವಾಗುತ್ತದೆ, ಜಲ್ಲಿಯೇ ಸುರಕ್ಷಿತ ಎಂಬುದು ಅವರ ವಾದ. ಕೆಲವು ದಿನ ಇದೇ ಟ್ರ್ಯಾಕಿನಲ್ಲಿ ಮೋಟಾರ್‌ಸೈಕಲ್‌ಗಳೂ ಓಡುತ್ತವೆ. ನಾನು ಯಾವ ಕಡೆಗೆ ಮತ ಹಾಕಲಿ? ಹಾಗೆಯೇ, ತಿರುವಿನಲ್ಲಿ ಹೊರಗೆ ಹೋದಾಗ ಚಾಲಕ ಏನು ಮಾಡಬೇಕು?

ಉತ್ತರ: ನಿಮ್ಮ ಕ್ಲಬ್ಬಿನ ಎರಡೂ ಬಣಗಳು ಎರಡು ಬೇರೆ ಬೇರೆ ಪ್ರಶ್ನೆಗಳಿಗೆ ಒಂದೇ ಉತ್ತರ ಹುಡುಕುತ್ತಿವೆ. ಚಾಲಕ ಗೆರೆ ದಾಟಿ ಲಾಭ ಮಾಡಿಕೊಳ್ಳದಂತೆ ತಡೆಯುವುದು ಹೇಗೆ ಎಂಬುದು ಒಂದು. ಹತೋಟಿ ತಪ್ಪಿದ ಕಾರು ಗೋಡೆಗೆ ಬಡಿಯುವ ಮೊದಲು ಅದರ ವೇಗವನ್ನು ಇಳಿಸುವುದು ಹೇಗೆ ಎಂಬುದು ಇನ್ನೊಂದು. ಮೊದಲನೆಯದು ಬಿಳಿ ಗೆರೆಯ ಪಕ್ಕದ ಎರಡು ಮೂರು ಮೀಟರಿನಲ್ಲೇ ತೀರ್ಮಾನವಾಗುವ ವಿಷಯ. ಎರಡನೆಯದಕ್ಕೆ ಅದರಾಚೆಯ ಅಷ್ಟೂ ಜಾಗ ಮತ್ತು ಕೊನೆಯಲ್ಲಿರುವ ತಡೆಗೋಡೆ ಲೆಕ್ಕಕ್ಕೆ ಬರುತ್ತವೆ. 60 ಮೀಟರಿಗೂ ಒಂದೇ ವಸ್ತುವನ್ನು ಹಾಸಬೇಕು ಎಂದುಕೊಂಡಾಗಲೇ ಈ ಜಗಳ ಬಗೆಹರಿಯದಂತಾಗುವುದು. ಸರ್ಕ್ಯೂಟ್‌ಗಳ ಸುರಕ್ಷತಾ ತಪಾಸಣೆಯಲ್ಲಿ ನಾನು ಅತಿ ಹೆಚ್ಚು ಕೇಳಿರುವ ವಾದವೂ ಇದೇ.

ಜಲ್ಲಿ ಯಾವಾಗಲೂ ಕಾರನ್ನು ನಿಲ್ಲಿಸುತ್ತದೆ ಎಂಬ ನಂಬಿಕೆಯನ್ನು ಮೊದಲು ನೋಡೋಣ. 1999ರ ಫಾರ್ಮುಲಾ 1 ಬ್ರಿಟಿಷ್ ಗ್ರ್ಯಾನ್ ಪ್ರೀಯ ಮೊದಲ ಲ್ಯಾಪ್‌ನಲ್ಲಿ ಮೈಕಲ್ ಶೂಮಾಕರ್ ಅವರ ಕಾರಿನ ಹಿಂಬದಿಯ ಬ್ರೇಕ್ ಕೈಕೊಟ್ಟಿತು. ಸಿಲ್ವರ್‌ಸ್ಟೋನ್‌ನ ಸ್ಟೋ ತಿರುವಿನಲ್ಲಿ ಕಾರು ನೇರವಾಗಿ ಜಲ್ಲಿಯನ್ನು ದಾಟಿ ಟೈರ್ ಗೋಡೆಗೆ ಬಡಿದು ಅವರ ಬಲಗಾಲು ಮುರಿಯಿತು. ಆ ಜಲ್ಲಿ ಹಾಸು ಕಾರಿನ ವೇಗವನ್ನು ನಿರೀಕ್ಷಿಸಿದಷ್ಟು ಇಳಿಸಲಿಲ್ಲ. ತಳ ಚಪ್ಪಟೆಯಾಗಿರುವ ಹಗುರ ಕಾರು ಬಹಳ ವೇಗದಲ್ಲಿ ಬಂದಾಗ ಕಲ್ಲುಗಳ ಒಳಗೆ ಇಳಿಯುವ ಬದಲು ಅವುಗಳ ಮೇಲೆಯೇ ತೇಲಿಕೊಂಡು ಹೋಗುತ್ತದೆ. ನೀರಿನ ಮೇಲೆ ಓರೆಯಾಗಿ ಎಸೆದ ಚಪ್ಪಟೆ ಕಲ್ಲು ಪುಟಿಯುವ ಹಾಗೆ. ಚಕ್ರಗಳು ನೆಲವನ್ನು ಸರಿಯಾಗಿ ಮುಟ್ಟದಿದ್ದರೆ ಬ್ರೇಕ್ ಒತ್ತಿ ಪ್ರಯೋಜನವೂ ಇಲ್ಲ.

ಕಾರು ಅಡ್ಡಲಾಗಿ ಬಂದರೆ ಆಗುವುದು ಇದರ ತದ್ವಿರುದ್ಧ. ಚಕ್ರದ ಅಂಚು ಕಲ್ಲಿನೊಳಗೆ ನೇಗಿಲಿನಂತೆ ಇಳಿಯುತ್ತದೆ, ಕೆಳಭಾಗ ನಿಂತು ಮೇಲ್ಭಾಗ ಮುಂದಕ್ಕೆ ಉರುಳುತ್ತದೆ. ನಿಮ್ಮಲ್ಲಿ ಮಗುಚಿದ ಕಾರಿಗೆ ಆದದ್ದು ಬಹುಶಃ ಇದೇ. 2016ರಲ್ಲಿ ಮೆಲ್ಬರ್ನ್‌ನಲ್ಲಿ ಫೆರ್ನಾಂಡೊ ಅಲೊನ್ಸೊ ಅವರ ಕಾರು ಜಲ್ಲಿಯಲ್ಲಿ ಪಲ್ಟಿ ಹೊಡೆಯಿತು. 2022ರಲ್ಲಿ ಸಿಲ್ವರ್‌ಸ್ಟೋನ್‌ನ ಆರಂಭದ ಡಿಕ್ಕಿಯಲ್ಲಿ ಝೋ ಗ್ವಾನ್‌ಯು ಅವರ ಕಾರು ತಲೆಕೆಳಗಾಗಿ ಜಾರುತ್ತಾ ಬಂದು, ಜಲ್ಲಿಯನ್ನು ದಾಟಿ, ಟೈರ್ ಗೋಡೆಯ ಮೇಲಿಂದ ಹಾರಿ, ಹಿಂದಿನ ತಂತಿಬೇಲಿಗೆ ಬಡಿದು ನಿಂತಿತು. ಉರುಳಿದಾಗ ತಲೆಯನ್ನು ಕಾಯಬೇಕಿದ್ದ ರೋಲ್ ಹೂಪ್ ಮುರಿದಿತ್ತು. ಅವರನ್ನು ಉಳಿಸಿದ್ದು ಹೇಲೊ, ಅಂದರೆ ಚಾಲಕನ ತಲೆಯ ಸುತ್ತ ಇರುವ ಗಟ್ಟಿ ಲೋಹದ ಚೌಕಟ್ಟು.

ಇಷ್ಟರಿಂದಲೇ ಡಾಂಬರು ಗೆದ್ದಿತು ಎಂದುಕೊಳ್ಳಬೇಡಿ. ಡಾಂಬರಿನ ಶಕ್ತಿಯೆಲ್ಲ ಇರುವುದು ಕಾರಿನ ಟೈರಿನಲ್ಲಿ, ಬ್ರೇಕಿನಲ್ಲಿ ಮತ್ತು ಚಾಲಕನ ಕಾಲಿನಲ್ಲಿ. ನಿಮ್ಮದೇ ತಿರುವನ್ನು ತೆಗೆದುಕೊಂಡು ಲೆಕ್ಕ ಹಾಕೋಣ. ಗಂಟೆಗೆ 180 ಕಿ.ಮೀ. ಎಂದರೆ ಸೆಕೆಂಡಿಗೆ 50 ಮೀಟರ್. ಕಾರು ಟ್ರ್ಯಾಕಿನಿಂದ ಗೋಡೆಯ ಕಡೆಗೆ ಸುಮಾರು 30 ಡಿಗ್ರಿ ಓರೆಯಾಗಿ ಹೊರಬರುತ್ತದೆ ಎಂದಿಟ್ಟುಕೊಂಡರೆ, ಲಂಬ ಅಳತೆಯ 60 ಮೀಟರ್ ಅದರ ದಾರಿಯಲ್ಲಿ 120 ಮೀಟರ್ ಆಗುತ್ತದೆ. ಒಣ ಡಾಂಬರಿನ ಮೇಲೆ ಪೂರ್ತಿ ಬ್ರೇಕ್ ಒತ್ತಿ, ಗುರುತ್ವದಷ್ಟೇ ನಿಧಾನಗತಿ, ಅಂದರೆ 1 ಜಿ, ಸಿಕ್ಕರೆ ಗೋಡೆ ಮುಟ್ಟುವಾಗ ವೇಗ ಗಂಟೆಗೆ 44 ಕಿ.ಮೀ. ಆಸುಪಾಸಿಗೆ ಇಳಿದಿರುತ್ತದೆ. ಅದೂ ಓರೆಯಾದ ಹೊಡೆತ. ಚಾಲಕ ಬಹುಮಟ್ಟಿಗೆ ನಡೆದುಕೊಂಡೇ ಹೊರಬರುತ್ತಾನೆ.

ಈಗ ಅದೇ ಚಾಲಕ ಬ್ರೇಕ್ ಒತ್ತುವುದು ಅರ್ಧ ಸೆಕೆಂಡು ತಡವಾಗಲಿ. ಆ ಅರ್ಧ ಸೆಕೆಂಡಿನಲ್ಲಿ 25 ಮೀಟರ್ ಕಳೆದುಹೋಗುತ್ತದೆ, ಗೋಡೆಗೆ ಬಡಿಯುವ ವೇಗ ಗಂಟೆಗೆ 91 ಕಿ.ಮೀ.ಗೆ ಏರುತ್ತದೆ. ಮಳೆ ಬಂದು ಹಿಡಿತ 0.6 ಜಿಗೆ ಇಳಿದರೆ, ತಕ್ಷಣ ಬ್ರೇಕ್ ಒತ್ತಿದರೂ ಸುಮಾರು 119 ಕಿ.ಮೀ. ಬ್ರೇಕ್ ಕೆಟ್ಟಿದ್ದರೆ, ಅಥವಾ ಡಿಕ್ಕಿಯಲ್ಲಿ ಚಕ್ರವೇ ಕಳಚಿದ್ದರೆ, ಆ ಡಾಂಬರು ಗೋಡೆಯವರೆಗಿನ ಒಳ್ಳೆಯ ರಸ್ತೆಯಷ್ಟೇ. ಚೆನ್ನಾಗಿ ನೋಡಿಕೊಂಡ ಜಲ್ಲಿಯ ಬೆಲೆ ಗೊತ್ತಾಗುವುದು ಇಲ್ಲಿ: ಬ್ರೇಕ್ ಇರಲಿ ಬಿಡಲಿ, ಚಾಲಕನಿಗೆ ಎಚ್ಚರ ಇರಲಿ ಬಿಡಲಿ, ಅದು ತನ್ನ ಪಾಡಿಗೆ ವೇಗವನ್ನು ಇಳಿಸುತ್ತಿರುತ್ತದೆ.

'ಚೆನ್ನಾಗಿ ನೋಡಿಕೊಂಡ' ಎಂಬ ಮಾತನ್ನು ಬೇಕೆಂದೇ ಸೇರಿಸಿದ್ದೇನೆ. ಜಲ್ಲಿ ಹಾಸಿಗೆ ಬಳಸಬೇಕಾದದ್ದು ಸುಮಾರು 5ರಿಂದ 16 ಮಿಲಿಮೀಟರ್ ಗಾತ್ರದ ದುಂಡನೆಯ ಕಲ್ಲು. ಕಟ್ಟಡಕ್ಕೆ ಒಡೆದು ತಂದ ಮೂಲೆಮೂಲೆಯ ಜಲ್ಲಿಯಲ್ಲ. ಮೂಲೆಗಳಿರುವ ಕಲ್ಲು ಒಂದಕ್ಕೊಂದು ಕಚ್ಚಿಕೊಂಡು ಗಟ್ಟಿ ನೆಲವಾಗಿಬಿಡುತ್ತದೆ. ಆಳ ಸುಮಾರು 25 ಸೆಂಟಿಮೀಟರ್ ಇರಬೇಕು. ಎರಡು ಮಳೆಗಾಲ ಕಳೆದ ಹಾಸನ್ನು ಹೋಗಿ ನೋಡಿ: ಮೇಲೆ ಕಲ್ಲು ಹೊಳೆಯುತ್ತಿರುತ್ತದೆ, ಆದರೆ ಕಬ್ಬಿಣದ ಸರಳನ್ನು ಕೈಯಿಂದ ಒತ್ತಿದರೆ ಅಂಗೈ ಅಗಲದಷ್ಟು ಇಳಿದು ನಿಂತುಬಿಡುತ್ತದೆ. ದೂಳು ಮತ್ತು ಕೆಸರು ಕೆಳಗಿಳಿದು, ಒಣಗಿ, ಕಲ್ಲುಗಳನ್ನು ಗಾರೆಯಂತೆ ಕಟ್ಟಿರುತ್ತವೆ. ಅಂಥ ಹಾಸಿನ ಮೇಲೆ ಕಾರು ತೇಲುತ್ತದೆ, ಅಡ್ಡ ಬಂದರೆ ಎಡವಿ ಉರುಳುತ್ತದೆ. ಎರಡೂ ಕೆಡುಕು ಒಟ್ಟಿಗೆ. ಕಾರು ಮಗುಚಿದ ಮೇಲೆ ನಿಮ್ಮ ಕ್ಲಬ್ಬಿನವರು ಯಾರಾದರೂ ಆ ಹಾಸಿಗೆ ಸರಳು ಇಳಿಸಿ ನೋಡಿದ್ದಾರೆಯೇ? ಮತದಾನಕ್ಕೆ ಮುಂಚೆ ಆಗಬೇಕಾದ ಮೊದಲ ಕೆಲಸ ಅದು.

ಹೂತುಹೋದ ಕಾರುಗಳ ವಿಷಯವನ್ನು ನೀವು ಓಟ ನಿಲ್ಲುವ ಕಿರಿಕಿರಿಯಾಗಿ ಹೇಳಿದ್ದೀರಿ. ನನ್ನ ಕಣ್ಣಿಗೆ ಅದು ಅದಕ್ಕಿಂತ ಗಂಭೀರ. ಹೂತ ಕಾರನ್ನು ತೆಗೆಯಲು ಯಂತ್ರವೂ ಮಾರ್ಷಲ್‌ಗಳೂ (ಟ್ರ್ಯಾಕ್ ಬದಿಯ ಸುರಕ್ಷತಾ ಸಿಬ್ಬಂದಿ) ರನ್‌ಆಫ್‌ನ, ಅಂದರೆ ಟ್ರ್ಯಾಕಿಗೂ ಗೋಡೆಗೂ ನಡುವಿನ ಜಾಗದ, ಒಳಗೆ ಬರಬೇಕು. 2014ರಲ್ಲಿ ಸುಜುಕಾದಲ್ಲಿ, ಮಳೆಯ ನಡುವೆ, ಒಂದು ಕಾರನ್ನು ಎತ್ತುತ್ತಿದ್ದ ಯಂತ್ರಕ್ಕೆ ಜೂಲ್ ಬಿಯಾಂಕಿ ಅವರ ಕಾರು ಬಡಿಯಿತು. ಅವರು 2015ರ ಜುಲೈನಲ್ಲಿ ತೀರಿಕೊಂಡರು. ಚಾಲಕರೆಲ್ಲ ಏಕಕಾಲಕ್ಕೆ ವೇಗ ಇಳಿಸುವಂತೆ ಮಾಡುವ ವರ್ಚುವಲ್ ಸೇಫ್ಟಿ ಕಾರ್ ವ್ಯವಸ್ಥೆ ಬಂದದ್ದು ಆ ದುರಂತದ ನಂತರ, 2015ರಲ್ಲಿ. ಡಾಂಬರಿನ ಮೇಲೆ ತಿರುಗಿ ನಿಂತ ಕಾರು ಸಾಮಾನ್ಯವಾಗಿ ತಾನೇ ಹೊರಟುಹೋಗುತ್ತದೆ. ಡಾಂಬರಿನ ಪರವಾಗಿರುವ ಅತ್ಯಂತ ಬಲವಾದ ವಾದ ನನ್ನ ಪ್ರಕಾರ ಇದು.

ಇನ್ನು ಗೆರೆಯ ವಿಷಯ. ಫಾರ್ಮುಲಾ 1ರ ನಿಯಮ ಸರಳವಾಗಿದೆ: ಬಿಳಿ ಗೆರೆ ಟ್ರ್ಯಾಕಿನ ಭಾಗ, ಕರ್ಬ್ (ಗೆರೆಯಾಚೆಯ ಬಣ್ಣದ ಅಂಚುಪಟ್ಟಿ) ಅಲ್ಲ, ಕಾರಿನ ಯಾವ ಭಾಗವೂ ಟ್ರ್ಯಾಕನ್ನು ಮುಟ್ಟದಿದ್ದಾಗ ಮಾತ್ರ ಕಾರು ಹೊರಗೆ ಹೋಯಿತೆಂದು ಲೆಕ್ಕ. ನಿಯಮ ಸರಳವಾದರೂ ಅದನ್ನು ಕಾಯುವುದು ಸುಲಭವಲ್ಲ. 2023ರ ಆಸ್ಟ್ರಿಯನ್ ಗ್ರ್ಯಾನ್ ಪ್ರೀಯಲ್ಲಿ ಪರಿಶೀಲಿಸಬೇಕಾದ ಸಂದರ್ಭಗಳೇ 1200ಕ್ಕೂ ಹೆಚ್ಚು ಬಂದವು. ಓಟ ಮುಗಿದು ಗಂಟೆಗಳಾದ ಮೇಲೆ ಎಂಟು ಚಾಲಕರಿಗೆ ಹೊಸದಾಗಿ ಸಮಯದಂಡ ಬಿದ್ದು ಫಲಿತಾಂಶ ಬದಲಾಯಿತು. ನಿಮ್ಮ ಸದಸ್ಯರ ಭಯಕ್ಕೆ ಕಾರಣವಿಲ್ಲದಿಲ್ಲ.

ಅದರ ಮುಂದಿನ ವರ್ಷ, 2024ರಲ್ಲಿ, ಅಲ್ಲಿ ಆದದ್ದು ನಿಮಗೆ ಉಪಯೋಗವಾಗಬಹುದು. ಗೋಳು ಹುಟ್ಟಿದ್ದ ಕೊನೆಯ ಎರಡು ತಿರುವುಗಳಲ್ಲಿ ಕರ್ಬಿನಾಚೆ ಕಿರಿದಾದ ಜಲ್ಲಿ ಪಟ್ಟಿ ಹಾಕಿದರು. ಅಲ್ಲಿ ಗೆರೆ ದಾಟುವುದು ಬಹುತೇಕ ನಿಂತಿತು. ಅದರ ಹಿಂದಿನ ಲೆಕ್ಕ ಚೊಕ್ಕವಾಗಿದೆ. ಕಾರಿನ ಅಗಲ 2 ಮೀಟರ್ ಎಂದುಕೊಳ್ಳಿ. ಗೆರೆಯ ಹೊರ ಅಂಚಿನಿಂದ ಜಲ್ಲಿಗೆ ಇರುವ ಅಂತರ ಆ ಅಗಲಕ್ಕಿಂತ ಕಡಿಮೆ ಇದ್ದರೆ, ಕಾರು ಪೂರ್ತಿ ಗೆರೆ ದಾಟುವ ಮೊದಲೇ ಹೊರಗಿನ ಚಕ್ರಗಳು ಜಲ್ಲಿಗೆ ಬಿದ್ದಿರುತ್ತವೆ. ಚಾಲಕ ಅಲ್ಲೇ ಸಮಯ ಕಳೆದುಕೊಳ್ಳುತ್ತಾನೆ; ಕ್ಯಾಮೆರಾವೂ ಬೇಡ, ಮೇಲ್ಮನವಿಯೂ ಇಲ್ಲ.

ಗೆರೆಯ ಶಿಸ್ತು ಬರೀ ನ್ಯಾಯದ ವಿಷಯ, ಅದಕ್ಕೂ ಸುರಕ್ಷತೆಗೂ ಸಂಬಂಧವಿಲ್ಲ ಎನ್ನುವವರನ್ನೂ ಕಂಡಿದ್ದೇನೆ. ಅದು ತಪ್ಪು. ಹಿಡಿತ ಅಷ್ಟೇ ಇದ್ದಾಗ ತಿರುವಿನ ವೇಗದ ವರ್ಗ ಅದರ ತ್ರಿಜ್ಯಕ್ಕೆ ತಕ್ಕಂತೆ ಏರುತ್ತದೆ. ಹೊರಗಿನ ಡಾಂಬರನ್ನೂ ಬಳಸಿಕೊಂಡು ಚಾಲಕ ತನ್ನ ದಾರಿಯ ತ್ರಿಜ್ಯವನ್ನು 100 ಮೀಟರಿನಿಂದ 110ಕ್ಕೆ ಹಿಗ್ಗಿಸಿದರೆ ವೇಗ ಸುಮಾರು 5 ಶೇಕಡಾ ಏರುತ್ತದೆ, ಚಲನಶಕ್ತಿ 10 ಶೇಕಡಾ. ಅದರ ಜೊತೆಗೆ ಅವನು ಗೋಡೆಗೆ ಮೂರು ಮೀಟರ್ ಹತ್ತಿರವೂ ಇರುತ್ತಾನೆ. ರನ್‌ಆಫ್‌ನ ಉದ್ದವನ್ನು ಲೆಕ್ಕ ಹಾಕಿದ್ದು ಬಿಳಿ ಗೆರೆಯೊಳಗೆ ಓಡುವ ಕಾರಿಗೆ; ಎಲ್ಲರೂ ಗೆರೆಯಾಚೆ ಓಡತೊಡಗಿದರೆ ಆ ಲೆಕ್ಕ ಸುಳ್ಳಾಗುತ್ತದೆ.

ಮೋಟಾರ್‌ಸೈಕಲ್‌ಗಳ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ. ಈ ನಿರ್ಧಾರದಲ್ಲಿ ಅದು ಅರ್ಧ ತೂಕದ ಸಾಲು. ನೆಟ್ಟಗಿರುವ ಬೈಕು ಸ್ವಲ್ಪ ಅಗಲಕ್ಕೆ ಹೋದರೆ ಅದಕ್ಕೆ ಡಾಂಬರೇ ಒಳ್ಳೆಯದು. ಸವಾರ ನಿಧಾನಿಸಿ ಮರಳುತ್ತಾನೆ. ಬಿದ್ದ ಸವಾರನ ಕಥೆ ಬೇರೆ. ಡಾಂಬರಿನ ಮೇಲೆ ಅವನೂ ಬೈಕೂ ಗೋಡೆಯವರೆಗೆ ಜಾರುತ್ತಾ ಹೋಗಬಹುದು, ಅವನಿಗೆ ಒತ್ತಲು ಬ್ರೇಕ್ ಎಂಬುದೇ ಇಲ್ಲ. 2016ರ ಜೂನ್‌ನಲ್ಲಿ ಬಾರ್ಸಿಲೋನಾ ಸರ್ಕ್ಯೂಟ್‌ನ 12ನೇ ತಿರುವಿನಲ್ಲಿ ಮೋಟೊ2 ಸವಾರ ಲೂಯಿಸ್ ಸಾಲೋಮ್ ಬಿದ್ದು, ಡಾಂಬರಿನ ರನ್‌ಆಫ್‌ನಲ್ಲಿ ಜಾರಿ, ಗಾಳಿ ತುಂಬಿದ ತಡೆಗೋಡೆಗೆ ಮೊದಲೇ ಬಡಿದಿದ್ದ ತಮ್ಮದೇ ಬೈಕಿಗೆ ಅಪ್ಪಳಿಸಿದರು. ಅವರು ಉಳಿಯಲಿಲ್ಲ. ಆ ವಾರಾಂತ್ಯದಲ್ಲೇ ಟ್ರ್ಯಾಕಿನ ಆ ಭಾಗದ ವಿನ್ಯಾಸವನ್ನು ಬದಲಿಸಲಾಯಿತು. ನಿಮ್ಮ ತಿರುವಿಗೆ ಪೂರ್ತಿ ಡಾಂಬರು ಹಾಕಿದರೆ ಬೈಕುಗಳಿಗೆ ಅಪಾಯ ಹೆಚ್ಚುತ್ತದೆ. ಬೈಕಿನ ದಿನಗಳನ್ನು ನಡೆಸುವವರ ಒಪ್ಪಿಗೆ ಪಡೆಯದೆ ಈ ಕೆಲಸ ಆಗಬಾರದು.

ಹಾಗಾದರೆ ನಿಮ್ಮ ಮುಂದಿರುವ ದಾರಿಗಳೇನು? ಈಗಿರುವ ಜಲ್ಲಿಯನ್ನೇ ಉಳಿಸಿಕೊಂಡು, ಪೂರ್ತಿ ತೆಗೆದು, ಜರಡಿ ಹಿಡಿದು, ಸರಿಯಾದ ಗಾತ್ರದ ಕಲ್ಲು ಸೇರಿಸಿ, ವರ್ಷಕ್ಕೆ ಕೆಲವು ಬಾರಿಯಾದರೂ ಕೆದಕಿ ಸಡಿಲಗೊಳಿಸುವುದು ಒಂದು. ಖರ್ಚು ಕಡಿಮೆ, ಗೆರೆಯ ಜಗಳವಿಲ್ಲ, ಬೈಕಿಗೂ ಸರಿ. ಹೂಳುವ ತೊಂದರೆ ಮಾತ್ರ ಇದ್ದೇ ಇರುತ್ತದೆ, ಅಡ್ಡ ಜಾರುವ ಕಾರು ಉರುಳುವ ಸಾಧ್ಯತೆಯೂ ಪೂರ್ತಿ ಹೋಗುವುದಿಲ್ಲ. ಟ್ರ್ಯಾಕ್ ಮತ್ತು ಜಲ್ಲಿಯ ನಡುವೆ ಮೆಟ್ಟಿಲಿನಂಥ ಅಂಚು ಉಳಿಯದಂತೆ ಮಟ್ಟ ಮಾಡಿದರೆ ಅದು ಗಮನಾರ್ಹವಾಗಿ ತಗ್ಗುತ್ತದೆ. ಪಲ್ಟಿಯಾದ ಎಷ್ಟೋ ಕಾರುಗಳು ಎಡವಿದ್ದು ಕಲ್ಲಿಗಲ್ಲ, ಆ ಅಂಚಿಗೆ.

ಪೂರ್ತಿ ಡಾಂಬರು ಹಾಕಿ ಗೆರೆಯನ್ನು ನಿಯಮದಿಂದ ಕಾಯುವುದು ಎರಡನೆಯದು. ಬೈಕು ಓಡದ, ಮಳೆಯಲ್ಲಿ ಓಟ ನಡೆಸದ ಟ್ರ್ಯಾಕ್ ಆಗಿದ್ದರೆ ಇದನ್ನು ಗಂಭೀರವಾಗಿ ಯೋಚಿಸಬಹುದು. ಆಗಲೂ ಗೆರೆಗೆ ನೇರವಾಗಿ ನೋಡುವ ಕದಲದ ಕ್ಯಾಮೆರಾ, ಗೆರೆಯ ಹೊರಗೆ ಬೇರೆ ಬಣ್ಣದ ಪಟ್ಟಿ, ಮತ್ತು ಎಲ್ಲರಿಗೂ ಮೊದಲೇ ತಿಳಿಸಿದ ದಂಡದ ಕ್ರಮ ಬೇಕು. ಫಾರ್ಮುಲಾ 1ರಲ್ಲಿ ಮೂರನೇ ಬಾರಿಗೆ ಕಪ್ಪು-ಬಿಳುಪು ಬಾವುಟದ ಎಚ್ಚರಿಕೆ, ನಾಲ್ಕನೆಯದಕ್ಕೆ 5 ಸೆಕೆಂಡು ದಂಡ ಎಂಬ ರೂಢಿ ಇದೆ. ಕ್ಲಬ್ ಮಟ್ಟಕ್ಕೂ ಅದು ಸಾಕು. ತಿರುವಿಗೊಂದು ನಿಯಮ, ದಿನಕ್ಕೊಂದು ವಿನಾಯಿತಿ ಎಂದು ಶುರು ಮಾಡಿದರೆ ಯಾವ ಕ್ಯಾಮೆರಾವೂ ನಿಮ್ಮನ್ನು ಕಾಪಾಡುವುದಿಲ್ಲ.

ಯಾರಾದರೂ ಕರ್ಬಿನ ಹಿಂದೆ ಎತ್ತರದ ಸಾಸೇಜ್ ಕರ್ಬ್ (ಉಬ್ಬಿದ ಉದ್ದನೆಯ ದಿಬ್ಬ) ಹಾಕಿಬಿಡೋಣ ಎಂದರೆ ಖಂಡಿತ ಒಪ್ಪಬೇಡಿ. 2019ರಲ್ಲಿ ಮೊಂಜಾದಲ್ಲಿ ಅಲೆಕ್ಸ್ ಪೆರೋನಿ ಅವರ ಫಾರ್ಮುಲಾ 3 ಕಾರು ಅಂಥದ್ದರ ಮೇಲೆ ಹತ್ತಿ ಗಾಳಿಯಲ್ಲಿ ಪಲ್ಟಿಯಾಗುತ್ತಾ ತಂತಿಬೇಲಿಯವರೆಗೆ ಹಾರಿತು. ಅವರ ಬೆನ್ನುಮೂಳೆಗೆ ಪೆಟ್ಟಾಯಿತು. 2021ರಲ್ಲಿ ಆಸ್ಟಿನ್‌ನಲ್ಲಿ ಮಹಿಳೆಯರ ರೇಸ್ ಸರಣಿ ಡಬ್ಲ್ಯೂ ಸೀರೀಸ್‌ನ ಅಬ್ಬಿ ಈಟನ್ ಅವರ ಬೆನ್ನುಮೂಳೆ ಮುರಿದದ್ದೂ ಇಂಥದ್ದೇ ಕರ್ಬಿನಿಂದ. ವೇಗದ ತಿರುವಿನಲ್ಲಿ ಅದು ತಡೆಯಲ್ಲ, ಚಿಮ್ಮುಹಲಗೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮಿಶ್ರ ವಿನ್ಯಾಸಕ್ಕೆ ಮತ ಹಾಕುತ್ತಿದ್ದೆ: ಚಪ್ಪಟೆ ಕರ್ಬ್, ಅದರಾಚೆ ಕಾರಿನ ಅಗಲದ ಲೆಕ್ಕಕ್ಕೆ ಸರಿಯಾಗಿ ಶುರುವಾಗುವ ಕಿರಿದಾದ ಜಲ್ಲಿ ಪಟ್ಟಿ, ನಂತರ ಬ್ರೇಕ್ ಕಚ್ಚುವಂಥ ಒರಟು ಡಾಂಬರು, ಗೋಡೆಗೆ ಮುಂಚಿನ ಕೊನೆಯ ಭಾಗದಲ್ಲಿ ಆಳವಾದ ಜಲ್ಲಿ. ಬ್ರೇಕ್ ಇರುವವನಿಗೆ ಡಾಂಬರು ಸಿಗುತ್ತದೆ, ಬ್ರೇಕ್ ಇಲ್ಲದವನಿಗೂ ಬಿದ್ದ ಸವಾರನಿಗೂ ಕೊನೆಯ ಜಲ್ಲಿ ಸಿಗುತ್ತದೆ. ಇದಕ್ಕೂ ಬೆಲೆ ಇದೆ. ಪಟ್ಟಿಯ ಕಲ್ಲು ಟ್ರ್ಯಾಕಿಗೆ ಎರಚಿ ಹಿಂದಿನವರ ರೇಡಿಯೇಟರಿಗೂ ಗಾಜಿಗೂ ಬಡಿಯುತ್ತದೆ, ಗುಡಿಸಲು ಜನ ಬೇಕು. ಅಗಲಕ್ಕೆ ಹೋದ ಬೈಕು ಆ ಪಟ್ಟಿಯಲ್ಲೇ ಬೀಳಬಹುದು. ಆದ್ದರಿಂದ ಬೈಕಿನ ದಿನಗಳಿಗೆ ಅದನ್ನು ಮುಚ್ಚುವ ಸಮತಟ್ಟಾದ ಹಲಗೆಗಳ ವ್ಯವಸ್ಥೆ ಸಾಧ್ಯವೇ ಎಂದು ಗುತ್ತಿಗೆದಾರರನ್ನು ಮೊದಲೇ ಕೇಳಿ.

ಹಣ ಸೀಮಿತವಾಗಿದ್ದರೆ ನೆಲಕ್ಕಿಂತ ಮೊದಲು ಗೋಡೆಯನ್ನು ನೋಡಿ. ಟೈರ್‌ಗಳು ಒಂದಕ್ಕೊಂದು ಬೋಲ್ಟ್ ಆಗಿವೆಯೇ, ಮುಂದೆ ಕನ್ವೇಯರ್ ಬೆಲ್ಟಿನ ರಬ್ಬರ್ ಹೊದಿಕೆ ಇದೆಯೇ? ಬೆಲ್ಟ್ ಇಲ್ಲದ ಟೈರ್ ರಾಶಿಯೊಳಗೆ ಕಾರು ನುಗ್ಗಿ ಸಿಕ್ಕಿಕೊಳ್ಳುತ್ತದೆ, ಅಥವಾ ಟೈರ್‌ಗಳು ಚದುರಿ ಟ್ರ್ಯಾಕಿಗೆ ಬರುತ್ತವೆ. ಬಡಿದ ಕಾರು ಮರಳಿ ಓಟದ ದಾರಿಗೆ ಪುಟಿಯುವ ಕೋನವಿದೆಯೇ ಎಂಬುದನ್ನೂ ಪರೀಕ್ಷಿಸಬೇಕು. 2019ರಲ್ಲಿ ಬೆಲ್ಜಿಯಂನ ಸ್ಪಾ ಸರ್ಕ್ಯೂಟ್‌ನ ರೈಡಿಯೋನ್ ತಿರುವಿನಲ್ಲಿ ಫಾರ್ಮುಲಾ 2 ಚಾಲಕ ಆಂಟ್ವಾನ್ ಯೂಬೇರ್ ತೀರಿಕೊಂಡದ್ದು ಗೋಡೆಗೆ ಬಡಿದು ಮರಳಿ ಬಂದ ಅವರ ಕಾರಿಗೆ ಇನ್ನೊಂದು ಕಾರು ಅಪ್ಪಳಿಸಿದಾಗ. 2022ಕ್ಕೆ ಅಲ್ಲಿನ ರನ್‌ಆಫ್ ಹಿಗ್ಗಿತು, ಕೆಲವು ತಿರುವುಗಳಿಗೆ ಜಲ್ಲಿಯೂ ಮರಳಿತು.

ಕೊನೆಗೆ ಚಾಲಕ ಏನು ಮಾಡಬೇಕೆಂಬ ನಿಮ್ಮ ಪ್ರಶ್ನೆ. ಡಾಂಬರಿನ ಮೇಲಾದರೆ ಸ್ಟಿಯರಿಂಗ್ ನೇರವಾಗಿಟ್ಟು ತಕ್ಷಣ ಪೂರ್ತಿ ಬ್ರೇಕ್ ಒತ್ತಿ. ಮೇಲಿನ ಲೆಕ್ಕದ ಅರ್ಧ ಸೆಕೆಂಡನ್ನು ನೆನಪಿಡಿ. ಬ್ರೇಕ್ ಒತ್ತಿಕೊಂಡೇ ತಿರುಗಿಸಲು ಹೋದರೆ ಎರಡೂ ಆಗುವುದಿಲ್ಲ. ಜಲ್ಲಿಗೆ ಇಳಿಯುವುದು ಖಚಿತ ಎನಿಸಿದರೆ, ಇಳಿಯುವ ಮೊದಲೇ ಆದಷ್ಟು ವೇಗ ಕಳೆದು, ಕಾರಿನ ಮೂಗು ಹೋಗುತ್ತಿರುವ ದಿಕ್ಕಿಗೇ ಇರುವಂತೆ ನೋಡಿಕೊಳ್ಳಿ; ಒಳಗೆ ಹೋದ ಮೇಲೆ ಸ್ಟಿಯರಿಂಗ್ ಅನ್ನು ಜೋರಾಗಿ ತಿರುಗಿಸಬೇಡಿ. ಮರಳಿ ಟ್ರ್ಯಾಕಿಗೆ ಬರುವಾಗ ಓಟದ ದಾರಿಯನ್ನು ಅಡ್ಡ ಹಾಯದೆ, ಹೋಗುವವರೆಲ್ಲ ಹೋಗಲಿ ಎಂದು ಕಾದು, ಅಂಚಿಗೆ ಸಮಾನಾಂತರವಾಗಿ ನಿಧಾನಕ್ಕೆ ಸೇರಿಕೊಳ್ಳಿ. ಕಾರು ಹೂತುಹೋದರೆ ಬೆಂಕಿ ಇಲ್ಲದಿರುವಾಗ ಬೆಲ್ಟ್ ಬಿಚ್ಚದೆ ಕುಳಿತಿರಿ. ನೀವು ಹೊರಹೋದ ಜಾಗದಲ್ಲೇ ಇನ್ನೊಬ್ಬ ಬರಬಹುದು. ಇಳಿಯಬಹುದೆಂದು ಮಾರ್ಷಲ್ ಕೈಸನ್ನೆ ಮಾಡಿದ ಮೇಲೆ, ಕಾರಿನ ಗೋಡೆಯ ಕಡೆಯ ಬಾಗಿಲಿನಿಂದ ಇಳಿದು, ತಡೆಗೋಡೆಯ ಹಿಂದಕ್ಕೆ ಹೋಗಿ.